ಕೋಟಿಗಿಂತ ಕಡಿಮೆ

ಚುನಾವಣೆ ಹತ್ತಿರ ಬಂತು ಎಂದು ಅವನಿಗೆ ಮೊದಲು ತಿಳಿಯುತ್ತಿದ್ದದ್ದು ಪತ್ರಿಕೆಯಿಂದಲ್ಲ, ಬೀದಿಯ ಧ್ವನಿವರ್ಧಕದಿಂದಲೂ ಅಲ್ಲ, ಮನೆಯ ಕರೆಗಂಟೆಯಿಂದ. ಒಮ್ಮೆ ಒತ್ತಿ, ಒಳಗಿನವರು ಕುರ್ಚಿ ಬಿಟ್ಟು ಏಳುವುದರೊಳಗೆ ಮತ್ತೊಮ್ಮೆ ಒತ್ತುವವನು ಪ್ರಪಂಚದಲ್ಲಿ ಒಬ್ಬನೇ ಇದ್ದ: ಹೆಂಡತಿಯ ಚಿಕ್ಕಪ್ಪನ ಮಗ, ಊರಿನ ಬಾಯಲ್ಲಿ ದಲ್ಲಾಳಿ. ಪ್ರಾಂತ್ಯ ಸರ್ಕಾರಕ್ಕೆ ಸಾಲ ಬೇಕಾದಾಗ ಕೊಡುವವರನ್ನು ಹುಡುಕಿ ತಂದು ಎರಡೂ ಕಡೆಯಿಂದ ಕಮಿಷನ್ ತೆಗೆದುಕೊಳ್ಳುವುದು ಅವನ ಕಸುಬು. ಸರ್ಕಾರದ ಸಾಲ ಎಷ್ಟಾಗಿದೆ, ಕಾನೂನಿನ ಮಿತಿಯೊಳಗೆ ಇನ್ನೆಷ್ಟು ಎತ್ತಬಹುದು ಎಂದು ಲೆಕ್ಕ ಹಾಕಿ ಹೇಳುವುದು ಮನೆಯ ಯಜಮಾನನಾದ ಇವನ ಕಸುಬು. ಹಣಕಾಸು ಇಲಾಖೆಯಲ್ಲಿ ಇವನನ್ನು ಎಲ್ಲರೂ ಸಾಲದ ಸಾಹೇಬರು ಎನ್ನುತ್ತಿದ್ದರು. ಸ್ವಂತಕ್ಕೆ ಬಿಡಿಗಾಸು ಸಾಲ ಮಾಡದವನಿಗೆ ಅಂಥ ಹೆಸರು ಅಂಟಿದ್ದು ಇಲಾಖೆಯ ಹಳೆಯ ಜೋಕು.

“ಭಾವ, ಸೀಸನ್ ಶುರು ಆಯ್ತಲ್ಲ!” ಎನ್ನುತ್ತ ದಲ್ಲಾಳಿ ಬಿಳಿ ಬೂಟುಗಳನ್ನು ಬಾಗಿಲಲ್ಲಿ ಕಳಚಿ, ಯಾರೂ ಕೂರೆನ್ನುವ ಮೊದಲೇ ಕೂತ. “ಈ ಸಲ ಕೈಗಾರಿಕಾ ಪಾರ್ಕು. ಹತ್ತು ಸಾವಿರ ಜನಕ್ಕೆ ಕೆಲಸ ಅಂತ ಬೋರ್ಡು ಬರೆಸಿ ಆಗಿದೆ. ಇನ್ನು ದುಡ್ಡೊಂದು ಆಗ್ಬೇಕು.”

“ಆಗಲ್ಲ. ಮಿತಿ ಮುಟ್ಟಿ ಕೂತಿದೀವಿ.”

“ಮಿತಿ ಅನ್ನೋದು ರಬ್ಬರು ಅಂತ ತೋರಿಸಿಕೊಟ್ಟವರೇ ನೀವು. ಈಗ ಕಬ್ಬಿಣ ಅಂದ್ರೆ ಹೇಗೆ?” ದಲ್ಲಾಳಿ ತಲೆಯೆತ್ತಿ ಚಾವಣಿ ನೋಡಿದ. “ಮೇಲಿನ ಮನೆ ಬಾಡಿಗೆಗೆ ಕೊಟ್ರಾ, ಹಾಗೇ ಇದೆಯಾ? ಒಳ್ಳೆ ಗಾಳಿ ಅಲ್ಲಿ.”

ಅಷ್ಟೇ ಸಾಕಾಗಿತ್ತು. ಐದು ವರ್ಷದ ಹಿಂದೆ ಇದೇ ಋತುವಿನಲ್ಲಿ ನೀರು ಮಂಡಳಿಯ ಹೆಸರಲ್ಲಿ ಎತ್ತಿದ ದೊಡ್ಡ ಸಾಲವೊಂದನ್ನು ಇವನು ಸರ್ಕಾರದ ಸಾಲದ ಮೊತ್ತಕ್ಕೆ ಸೇರಿಸದೆ ಬಿಟ್ಟಿದ್ದ. ತೀರಿಸಬೇಕಾದದ್ದು ಸರ್ಕಾರವೇ, ಹೆಸರು ಮಾತ್ರ ಮಂಡಳಿಯದು. ಹಾಗೆ ಮಿತಿ ಸಡಿಲವಾಯಿತು, ರಸ್ತೆಗಳಿಗೆ ಡಾಂಬರು ಬಿತ್ತು, ಮತ ಮಾತ್ರ ಎದುರು ಪಕ್ಷಕ್ಕೆ ಬಿತ್ತು. ಆರು ತಿಂಗಳಲ್ಲಿ ಇವನ ಮನೆಯ ಮೇಲೆ ಒಂದು ಅಂತಸ್ತು ಎದ್ದಿತು. ಆವತ್ತಿನಿಂದ ಆ ಅಂತಸ್ತು ಮನೆಯ ಮೇಲಲ್ಲ, ತನ್ನ ಎದೆಯ ಮೇಲೆ ನಿಂತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಈಗ ದಲ್ಲಾಳಿ ಕೇಳುತ್ತಿದ್ದದ್ದು ಒಂದಲ್ಲ, ಮೂರು ಮಂಡಳಿಗಳ ಸಾಲ. ಒಪ್ಪಿದರೆ ಬಡ್ಡಿಯ ಭಾರಕ್ಕೆ ಒಂದೆರಡು ವರ್ಷದಲ್ಲಿ ಎಲ್ಲ ಕುಸಿದು, ಸಂಬಳ ನಿಂತು, ತನಿಖೆ ಬಂದು, ಮೊದಲು ಕೈಗೆ ಸಿಗುವ ಕೊರಳು ಇವನದು. ಒಪ್ಪದಿದ್ದರೆ ಹಳೆಯದು ನಾಳೆಯೇ ಹೊರಗೆ. ಅತ್ತ ದರಿ, ಇತ್ತ ಪುಲಿ. ದಲ್ಲಾಳಿ ಹೋದಮೇಲೆ ಅವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ತಲೆಯನ್ನು ನೀರಿನ ಕೆಳಗೆ ಹಿಡಿದ.

“ಏನ್ರೀ, ಈ ಹೊತ್ತಲ್ಲಿ ಸ್ನಾನಾನಾ?” ಎಂದು ಹೆಂಡತಿ ಹೊರಗಿನಿಂದ ಕೇಳಿದಳು.

“ಬಿಸಿಲು,” ಎಂದ.

ಭಯವನ್ನು ಅವನು ಕಾಲೇಜಿನಲ್ಲಿ ಕಲಿತ ಒಂದೇ ರೀತಿಯಲ್ಲಿ ಎದುರಿಸಬಲ್ಲವನಾಗಿದ್ದ: ಅಳೆದು. ಭೌತಶಾಸ್ತ್ರ ಓದಿ ಅಂಕಿಗಳ ಕೆಲಸಕ್ಕೆ ಬಂದವನು. ಅವನ ಕೋಣೆಯ ಗೋಡೆಯ ಮೇಲೆ ಪ್ರಾಂತ್ಯದ ಸಾಲದ ಗ್ರಾಫು ತೂಗುತ್ತಿತ್ತು. ಅದು ಗರಗಸದ ಹಲ್ಲುಗಳ ಹಾಗಿತ್ತು. ಪ್ರತಿ ಹಲ್ಲಿನ ತುದಿಯೂ ಒಂದೊಂದು ಚುನಾವಣೆ. ಮತದಾನಕ್ಕೆ ಮುಂಚಿನ ತಿಂಗಳುಗಳಲ್ಲಿ ಸಾಲ ಏರುತ್ತದೆ, ಕಾಮಗಾರಿಗಳು ಶುರುವಾಗುತ್ತವೆ. ಮತ ಎಣಿಕೆ ಮುಗಿದದ್ದೇ ಖರ್ಚು ಧೊಪ್ಪನೆ ಬೀಳುತ್ತದೆ, ಶುರುವಾದದ್ದೆಲ್ಲ ನಿಲ್ಲುತ್ತದೆ. ಹಳಬರೇ ಗೆದ್ದರೆ ಸಾಲ ತೀರಿಸಲು ನಿಲ್ಲಿಸುತ್ತಾರೆ. ಹೊಸಬರು ಗೆದ್ದರೆ ಹಳಬರ ಮಗುವಿಗೆ ನಾವೇಕೆ ಹಾಲು ಕುಡಿಸಬೇಕೆಂದು ನಿಲ್ಲಿಸುತ್ತಾರೆ. ಈ ನಿಯಮಕ್ಕೆ ಅವನ ಬಳಿ ಒಂದೂ ಅಪವಾದ ಇರಲಿಲ್ಲ. ಗ್ರಾಫಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಒಂದು ಕೋಟಿಗಿಂತ ಕಡಿಮೆ ಖರ್ಚುಗಳನ್ನು ಕೈಬಿಡಲಾಗಿದೆ.’

ಇಲಾಖೆಯ ಕಾರ್ಯದರ್ಶಿ, ಬಾಯಿ ಚುರುಕಾದ ಹೆಂಗಸು, ಒಮ್ಮೆ ಆ ಸಾಲಿನ ಮೇಲೆ ಬೆರಳಿಟ್ಟು ನಕ್ಕಿದ್ದರು. “ಅಂದ್ರೆ ಸಾಹೇಬರೇ, ನಿಮ್ಮ ಲೆಕ್ಕದಲ್ಲಿ ನಾನೂ ಇಲ್ಲ, ನೀವೂ ಇಲ್ಲ. ಈ ಆಫೀಸಿನ ಕುರ್ಚಿ ಮೇಜೂ ಇಲ್ಲ.”

“ಸಣ್ಣಪುಟ್ಟದ್ದು ಸೇರಿಸಿದ್ರೆ ರೇಖೆ ನಡುಗುತ್ತೆ ಮೇಡಂ. ಆಕಾರ ಕಾಣಲ್ಲ.”

ಆ ಗ್ರಾಫಿನ ಎದುರು ಕೂತಾಗಲೇ ಆ ಯೋಚನೆ ಬಂದದ್ದು. ಮೊದಲು ಅದೊಂದು ಬರೀ ಲೆಕ್ಕವಾಗಿತ್ತು. ಚುನಾವಣೆಗೆ ಮುಂಚೆ ತೆಗೆದ ಪಾಯದ ಗುಂಡಿಯನ್ನು ಚುನಾವಣೆಯ ನಂತರ ಯಾರೂ ಮುಟ್ಟುವುದಿಲ್ಲ. ಹಾಗಾದರೆ ಇಡೀ ಪ್ರಾಂತ್ಯದಲ್ಲಿ ಯಾರೂ ಎಂದೂ ಅಗೆಯದ ನೆಲ ಯಾವುದು? ಉತ್ತರ ಹೊಳೆದಾಗ ಅವನು ಪೆನ್ಸಿಲ್ಲನ್ನು ಟೇಬಲ್ಲಿನ ಮೇಲಿಟ್ಟ.

ಎರಡನೆಯ ಪ್ರಶ್ನೆಗೂ, ಹುಡುಕುವವರು ಯಾರು ಎಂಬುದಕ್ಕೂ, ಚುನಾವಣೆಯೇ ಉತ್ತರ ಕೊಟ್ಟಿತು. ದಿನಾಂಕ ಘೋಷಣೆ ಹತ್ತಿರವಾದ ಕೂಡಲೇ ದಲ್ಲಾಳಿ ಮಾಯವಾಗುತ್ತಿದ್ದ. ಅವನ ಬಗೆಗೆ ಕೇಳುವವರು ಆ ದಿನಗಳಲ್ಲಿ ಹೆಚ್ಚು. ಆದ್ದರಿಂದ ಫೋನು ಮುಚ್ಚಿ, ಎಲ್ಲಿಯೋ ಸಮುದ್ರ ನೋಡುತ್ತ ಮಲಗಿ, ಹೊಸ ಸರ್ಕಾರ ಪ್ರಮಾಣ ವಚನ ಸ್ವೀಕರಿಸಿದ ಮೇಲೆ ಹಲ್ಲು ಕಿರಿಯುತ್ತ ಬರುವುದು ವಾಡಿಕೆ. ಅವನ ತಾಯಿಯೇ ಹುಡುಕುತ್ತಿರಲಿಲ್ಲ. ಕಾಣೆಯಾದವನನ್ನು ಹುಡುಕಬಹುದು, ಕಾಣೆಯಾಗುವುದೇ ರೂಢಿಯಾದವನನ್ನು ಯಾರು ಹುಡುಕುತ್ತಾರೆ?

ಅವನು ಮೂರೂ ಮಂಡಳಿಗಳಿಗೆ ಆಗಲಿ ಎಂದ. ಆದರೆ ಮೊದಲ ಕಂತಿಗೆ ಮುಂಚೆ ಜಾಗ ನೋಡುವ ನಿಯಮವಿದೆ, ಶಂಕುಸ್ಥಾಪನೆಯ ಹಿಂದಿನ ದಿನ ಬಾ, ಇಬ್ಬರೂ ಹೋಗೋಣ, ಆಫೀಸಿನ ಕಾರು ಬೇಡ ಎಂದ. ದಲ್ಲಾಳಿ ಅವನ ಬೆನ್ನು ತಟ್ಟಿದ. “ನೋಡಿ, ರಬ್ಬರು ಎಷ್ಟು ಚೆನ್ನಾಗಿ ಎಳೀತು!”

ಆ ವಾರ ಮಗಳನ್ನು ಶಾಲೆಗೆ ಬಿಡುವ ಸರದಿ ಅವನದಾಗಿತ್ತು. ಶಾಲೆಯ ಪಕ್ಕದ ಖಾಲಿ ಜಾಗದಲ್ಲಿ, ಅವಳು ಹುಟ್ಟುವ ಮುಂಚಿನಿಂದ ಬರಬೇಕಾಗಿದ್ದ ಆಸ್ಪತ್ರೆಯ ಅಡಿಗಲ್ಲು ನಿಂತಿತ್ತು. ಹಿಂದೆ ಆಸ್ಪತ್ರೆ ಇರಲಿಲ್ಲ. ಮುಳ್ಳುಗಿಡ, ಒಂದು ಮುರಿದ ಬಕೆಟ್ಟು. ಮಗಳು ಬ್ಯಾಗು ಹೊತ್ತು ಹೋಗಿ ಕಲ್ಲಿಗೆ ಬೆನ್ನು ಹಚ್ಚಿ ನಿಂತಳು, ತಲೆಯ ಮೇಲೆ ಅಂಗೈ ಇಟ್ಟು ಅಳತೆ ನೋಡಿದಳು.

“ಅಪ್ಪಾ, ನರ್ಸರಿಗೆ ಹೋಗ್ತಿದ್ದಾಗಲೂ ಇದು ನನಗಿಂತ ಒಂದು ಗೇಣು ಎತ್ತರ ಇತ್ತು. ಈಗಲೂ ಒಂದು ಗೇಣು ಎತ್ತರ.”

“ಹಾಗಾಗಲ್ಲ ಕಣೇ. ನೀನು ಬೆಳೆದಿದೀಯ. ಕಲ್ಲು ಬೆಳೆಯಲ್ಲ.”

“ಇದು ಬೆಳೆಯುತ್ತೆ.”

“ವಿಜ್ಞಾನದಲ್ಲಿ ಎಷ್ಟು ಬಂತು ಈ ಸಲ ನಿಂಗೆ?” ಎಂದು ಅವನು ಜಡೆ ಎಳೆದ. ಮಗಳು ಮುಖ ಊದಿಸಿಕೊಂಡು ಗೇಟಿನೊಳಗೆ ಹೋದಳು. ಅವನು ಆ ನಿಂತುಹೋದ ಆಸ್ಪತ್ರೆಯನ್ನು, ಅಲ್ಲಿಲ್ಲದ ಗೋಡೆಗಳನ್ನು, ಕೃತಜ್ಞತೆಯಿಂದ ನೋಡಿದ. ತನ್ನ ನಿಯಮಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಪಾರ್ಕಿನ ಜಾಗ ಊರ ಹೊರಗಿನ ಬಯಲು. ವೇದಿಕೆಯ ಮುಂದೆ ಅಡಿಗಲ್ಲಿಗಾಗಿ ಎದೆಯುದ್ದದ ಗುಂಡಿ ತೋಡಿದ್ದರು. ಗಾಳಿಗೆ ದೂಳು ಏಳದಿರಲೆಂದು ಸುತ್ತ ಬಿಳಿ ಬಟ್ಟೆಯ ಮರೆ ಕಟ್ಟಿದ್ದರು. ಗುಂಡಿಯ ಅಂಚಿನಲ್ಲಿ ಒಂದು ಲಾರಿ ಮರಳು, ಅದು ಜಾರದಂತೆ ಅಡ್ಡ ನಿಲ್ಲಿಸಿದ ಹಲಗೆ. ತಳಕ್ಕೆ ಮರಳು, ಅದರ ಮೇಲೆ ಕಾಂಕ್ರೀಟು, ಅದರ ಮೇಲೆ ಕಟ್ಟೆ, ಕಟ್ಟೆಯ ಮೇಲೆ ಕಲ್ಲು. ಇದನ್ನೆಲ್ಲ ಅವನು ಎರಡು ದಿನ ಮೊದಲೇ ಬಂದು ನೋಡಿ ಹೋಗಿದ್ದ. ಒಣ ಮರಳಿನ ರಾಶಿ ಯಾವ ಓರೆಯಲ್ಲಿ ನಿಲ್ಲುತ್ತದೆ, ಯಾವ ಓರೆಯಲ್ಲಿ ನಿಲ್ಲಲಾರದು ಎಂದು ಅವನಿಗೆ ಪಾಠವಾಗಿಯೇ ಗೊತ್ತಿತ್ತು. ಈ ರಾಶಿಯನ್ನು ಹಿಡಿದಿದ್ದದ್ದು ಹಲಗೆಯೊಂದೇ. ಮಧ್ಯಾಹ್ನ ರಸ್ತೆಯಾಚೆಯ ಮೈದಾನದಲ್ಲಿ ಪಕ್ಷದ ಸಭೆ, ಬಂದವರಿಗೆಲ್ಲ ಊಟ. ಕೆಲಸದವರು ಒಬ್ಬರೂ ಉಳಿಯಲಾರರು. ಪೊಲೀಸು ಕಾವಲು ಬರುವುದು ಸಂಜೆಗೆ.

ಎಲ್ಲವೂ ಹಾಗೆಯೇ ನಡೆಯಿತು. ಅವನನ್ನು ಎಲ್ಲಕ್ಕಿಂತ ಹೆದರಿಸಿದ್ದು ಅದೇ. ದಲ್ಲಾಳಿ ಗುಂಡಿಯ ಅಂಚಿಗೆ ಹೋಗಿ, ಬಿಳಿ ಬೂಟಿಗೆ ಮಣ್ಣಾಗದಂತೆ ಪ್ಯಾಂಟು ಎತ್ತಿ ಹಿಡಿದು ಬಗ್ಗಿ ನೋಡಿದ. “ಇಷ್ಟೇನಾ ಭಾವ? ಸಾವಿರಾರು ಕೋಟಿಗೆ ಇಷ್ಟೇ ಗುಂಡಿನಾ?” ಮೈದಾನದ ಕಡೆ ಯಾರೋ ನಾಯಕರು ಬಂದರು, ಧ್ವನಿವರ್ಧಕ ಅರಚಿತು, ಪಟಾಕಿ ಸಿಡಿಯಿತು. ದಲ್ಲಾಳಿಯ ಬೆನ್ನ ಹಿಂದೆ ಬಿದ್ದಿದ್ದ ಹಾರೆಯನ್ನು ಅವನು ಎತ್ತಿದ. ಅದು ನೆನೆಸಿದ್ದಕ್ಕಿಂತ ಹಗುರವಾಗಿತ್ತು. ಆಮೇಲೆ ಹಲಗೆಯನ್ನು ಎಳೆದ. ಮರಳು ಜಾರತೊಡಗಿತು. ಅದು ಮಾಡಿದ ಸದ್ದು, ಯಾರೋ ದೀರ್ಘವಾಗಿ ಶ್ ಎಂದು ಸುಮ್ಮನಿರಿಸಿದ ಹಾಗಿತ್ತು.

ದಲ್ಲಾಳಿಯ ಫೋನನ್ನು, ಬೇರೆ ಊರಿನಿಂದ ಜನ ತುಂಬಿ ತಂದಿದ್ದ ಲಾರಿಯೊಂದರ ಗೋಣಿಚೀಲಗಳ ನಡುವೆ ಹಾಕಿದ. ಕೈ ತೊಳೆದ. ಮರಳಿ ಬಂದು, ಮರೆಯ ಹೊರಗೆ, ಜಾಗ ನೋಡಲು ಬಂದ ಅಧಿಕಾರಿಯಂತೆ ನಿಂತ. ಊಟ ಮುಗಿಸಿದ ಮೇಸ್ತ್ರಿ ಹಲ್ಲಿಗೆ ಕಡ್ಡಿ ಹಾಕುತ್ತ ಒಳಗೆ ಹೋದವನು ಕೂಗಿದ:

“ಏಯ್! ಮರಳು ತುಂಬಿದವರು ಯಾರೋ?”

ಅವನು ಕೈಗಡಿಯಾರ ನೋಡಿಕೊಂಡ.

“ಹಲಗೆ ಬಿದ್ದಿರ್ಬೇಕು ಬಿಡಣ್ಣ,” ಎಂದ ಇನ್ನೊಬ್ಬ.

“ಯಾವನೋ ಪುಣ್ಯಾತ್ಮ. ನಮ್ಮ ಕೆಲಸ ಉಳಿಸಿದ,” ಎಂದು ಮೇಸ್ತ್ರಿ ನಕ್ಕು ಕಾಂಕ್ರೀಟು ಕಲಸಲು ಹೇಳಿದ.

ಮರುದಿನ ಮಂತ್ರಿ ಬಂದು, ಬೆಳ್ಳಿಯ ಕರಣೆಯಲ್ಲಿ ಸಿಮೆಂಟು ಸವರಿ, ಪರದೆ ಸರಿಸಿದರು. ಅವನು ಮೂರನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ತಡವಾಗಿ ಚಪ್ಪಾಳೆ ತಟ್ಟಿದ.

ನಂತರದ ವಾರಗಳಲ್ಲಿ ಭಯ ಕಡಿಮೆಯಾಗುತ್ತದೆ ಎಂದು ಅವನು ಅಂದುಕೊಂಡಿದ್ದ. ಭಯಕ್ಕೆ ಆ ನಿಯಮ ಗೊತ್ತಿರಲಿಲ್ಲ. ಕರೆಗಂಟೆ ಒಂದು ಸಲ ಬಾರಿಸಿದರೆ ಎರಡನೆಯದಕ್ಕಾಗಿ ಉಸಿರು ಹಿಡಿಯುತ್ತಿದ್ದ. ಬಯಲಿನ ಹಾದಿಯಲ್ಲಿ ಒಂದು ದಿನ ಹೋದಾಗ ಕಟ್ಟೆಯ ಬುಡದಲ್ಲಿ ನಾಯಿಯೊಂದು ಮಲಗಿತ್ತು. ಮರುದಿನ ಮತ್ತೆ ಹೋಗಿ ನೋಡಿದ. ನಾಯಿ ಕಲ್ಲಿನ ನೆರಳಿನ ಜೊತೆ ಸರಿಯುತ್ತ ಮಲಗುತ್ತಿತ್ತು, ಅಷ್ಟೆ. ಅಷ್ಟು ದೊಡ್ಡ ಬಯಲಿನಲ್ಲಿ ಇದ್ದ ನೆರಳು ಅದೊಂದೇ.

ದಿನಾಂಕ ಘೋಷಣೆಯಾದ ಮರುದಿನ ಕಲ್ಲಿನ ಸುತ್ತ ನಾಲ್ಕೈದು ಜನ ಬಗ್ಗಿ ನಿಂತಿದ್ದರು. ಅವನ ಕಾರು ತಾನಾಗಿಯೇ ನಿಂತಿತು.

“ಏನ್ ನಡೀತಿದೆ ಇಲ್ಲಿ?” ದನಿ ತನ್ನದಲ್ಲವೆನ್ನಿಸಿತು.

“ಏನಿಲ್ಲ ಸಾರ್, ಬಟ್ಟೆ ಕಟ್ತಿದೀವಿ. ಚುನಾವಣೆ ಮುಗಿಯೋವರೆಗೆ ಮಂತ್ರಿ ಹೆಸರು ಕಾಣಬಾರದು ಅಂತ ಆರ್ಡರು.” ಕಟ್ಟುತ್ತಿದ್ದವನು ಗಂಟು ಬಿಗಿದು ನಕ್ಕ. “ಕಟ್ಟಡ ಎಲ್ಲಿ ಅಂತ ಯಾರೂ ಕೇಳಲ್ಲ ಸಾರ್. ಹೆಸರಿಗೇ ಎಲ್ಲಾ ಜಗಳ.”

ಬಿಳಿ ಬಟ್ಟೆ ಹೊದ್ದ ಕಲ್ಲು, ಹೆಣ ಎದ್ದು ಕೂತ ಹಾಗೆ ಕಾಣುತ್ತಿತ್ತು. ಹೆಸರು ಮುಚ್ಚುವುದು ತಾನೆ, ಮುಚ್ಚಲಿ ಎಂದುಕೊಂಡು ಅವನು ಹೊರಟ.

ಸರ್ಕಾರ ಬಿತ್ತು. ಹೊಸಬರು ಬಂದರು. ಎರಡಕ್ಕೂ ಅವನು ಸಿದ್ಧನಿದ್ದ, ಆದರೂ ಫಲಿತಾಂಶದ ದಿನ ಅವನ ಬೆನ್ನು ಬೆವರಿನಿಂದ ಕುರ್ಚಿಗೆ ಅಂಟಿತ್ತು. ಪ್ರಮಾಣ ವಚನವಾಗಿ ವಾರ ಕಳೆಯಿತು. “ಅಲ್ಲಾರೀ, ಇಷ್ಟು ಹೊತ್ತಿಗೆ ಬಂದುಬಿಡ್ತಿದ್ದ,” ಎಂದಳು ಹೆಂಡತಿ. ದಲ್ಲಾಳಿಯ ತಾಯಿ, ಹೆಂಡತಿಯ ಚಿಕ್ಕಮ್ಮ, ಫೋನು ಮಾಡಿ ಅತ್ತರು. ಪೊಲೀಸು ಠಾಣೆಗೆ ಅವರನ್ನು ಕರೆದುಕೊಂಡು ಹೋದವನು ಅವನೇ. ಪೊಲೀಸರು ವಿಮಾನ, ಹಡಗು, ದೂರದ ಊರುಗಳ ಹೋಟೆಲು ವಿಚಾರಿಸತೊಡಗಿದರು. ಫೋನು ಕೊನೆಯದಾಗಿ ಉಸಿರಾಡಿದ್ದು ಗಡಿಯ ಪಟ್ಟಣವೊಂದರಲ್ಲಿ ಎಂದು ಗೊತ್ತಾಯಿತು. ಚಿಕ್ಕಮ್ಮ ಅವನ ಕೈ ಹಿಡಿದುಕೊಂಡು, “ನೀನೊಬ್ಬ ಇದ್ದೀಯಲ್ಲಪ್ಪ, ಅದೇ ಧೈರ್ಯ,” ಎಂದರು. ಅವನು ಆ ಕೈಯನ್ನು ಬಿಡಿಸಿಕೊಳ್ಳಲಾರದೆ ಕೂತ.

ಇನ್ನುಳಿದದ್ದು ಒಂದೇ ಭಯ: ಹೊಸಬರು ಎಲ್ಲಾದರೂ ಪಾರ್ಕನ್ನು ನಿಜವಾಗಿಯೇ ಕಟ್ಟಿಬಿಟ್ಟರೆ? ಅದಕ್ಕೆ ಅವನು ಜೀವಮಾನದಲ್ಲೇ ಅತ್ಯಂತ ಪ್ರಾಮಾಣಿಕವಾದ ವರದಿಯನ್ನು ಬರೆದ. ಮೂರು ಮಂಡಳಿಗಳ ಸಾಲ, ನೀರು ಮಂಡಳಿಯ ಹಳೆಯದು, ಎಲ್ಲವನ್ನೂ ಮೊತ್ತಕ್ಕೆ ಸೇರಿಸಿದ. ಹಿಂದಿನದು ಬಿಟ್ಟುಹೋದದ್ದು ದಲ್ಲಾಳಿ ತಂದುಕೊಟ್ಟ ಸುಳ್ಳು ಕಾಗದದಿಂದ ಎಂದು ಬರೆದ. ಇಲ್ಲವೆನ್ನಲು ದಲ್ಲಾಳಿ ಇರಲಿಲ್ಲ. ಎರಡು ವರ್ಷ ಯಾವ ಕಾಮಗಾರಿಗೂ ಒಂದು ಕೋಟಿಯನ್ನೂ ಬಿಡುಗಡೆ ಮಾಡಬಾರದು, ಮಾಡಿದರೆ ಪ್ರಾಂತ್ಯ ದಿವಾಳಿ ಎಂದು ಮುಗಿಸಿದ. ಅದು ಮಂತ್ರಿಮಂಡಲದ ಮುಂದೆ ಹೋಯಿತು.

“ಒಪ್ಪಿಬಿಟ್ರು ಸಾಹೇಬರೇ,” ಎಂದರು ಕಾರ್ಯದರ್ಶಿ, ಬೆಳಗ್ಗೆ ಅವನನ್ನು ತಮ್ಮ ಕಾರಿಗೆ ಹತ್ತಿಸಿಕೊಂಡು. “ಪಾರ್ಕಿಗೆ ಒಂದು ಇಟ್ಟಿಗೆನೂ ಇಲ್ಲ. ಹೊಸ ಮಂತ್ರಿ ಹಲ್ಲು ಕಡೀತಿದ್ರು, ಆದರೂ ನಿಮ್ಮ ಮಾತಿಗೆ ಎದುರಾಡಲಿಲ್ಲ. ನಿಮ್ಮನ್ನ ನೋಡ್ಬೇಕಂತೆ, ಬನ್ನಿ.”

ತಿಂಗಳುಗಳ ನಂತರ ಅವನ ಎದೆಯ ಮೇಲಿನಿಂದ ಅಂತಸ್ತೊಂದು ಕೆಳಗಿಳಿಯಿತು. ಕಿಟಕಿ ಇಳಿಸಿದ. ಗಾಳಿ ಮುಖಕ್ಕೆ ಬಡಿಯಿತು. ಮಗಳ ಶಾಲೆ ಹಿಂದೆ ಹೋಯಿತು. ಅಲ್ಲಿ ಆಸ್ಪತ್ರೆಯ ಕಲ್ಲಿನ ಸುತ್ತ ಮಣ್ಣು ಕೆಂಪಗೆ, ಹಸಿಯಾಗಿ ಕೆದರಿ ಬಿದ್ದಿತ್ತು. ಅವನು ನೋಡಿದ, ಆದರೆ ಕಾರು ಮುಂದೆ ಹೋಗಿತ್ತು. ಊರು ಮುಗಿಯಿತು. ಬಯಲಿನಲ್ಲಿ ದೂರಕ್ಕೆ ಏನೋ ಬೆಳ್ಳಗೆ ಅಲುಗಿತು.

“ಅದೇನು ಮೇಡಂ, ಬಟ್ಟೆ ಮರೆ? ಪಾರ್ಕು ಕಟ್ಟಲ್ಲ ಅಂದ್ರಲ್ಲ?”

“ಕಟ್ಟಲ್ಲ ರೀ. ಕಟ್ಟೋಕೆ ಬಿಡ್ಲಿಲ್ವಲ್ಲ ನೀವು. ಅದಕ್ಕೇ ಕಲ್ಲಾದ್ರೂ ಇಡ್ತೀನಿ ಅಂತ ಹಟ ಹಿಡಿದಿದಾರೆ,” ಎಂದು ಕಾರ್ಯದರ್ಶಿ ನಕ್ಕರು. “ಪ್ರತಿ ಸಲವೂ ಇದೇ ತಾನೆ? ಹೊಸಬರು ಬಂದ್ರೆ ಹಳಬರ ಹೆಸರಿನ ಕಲ್ಲು ಕಿತ್ತು ತಮ್ಮದು ನೆಡೋದು. ಹಳೇದಕ್ಕಿಂತ ಗೇಣಾದ್ರೂ ಎತ್ತರ ಇರ್ಬೇಕು, ಎತ್ತರ ಆದ್ರೆ ಪಾಯ ಇನ್ನೂ ಆಳ ತೆಗೀಬೇಕು. ಖರ್ಚೇನು ಮಹಾ, ಕೆಲವು ಲಕ್ಷ. ಕೋಟಿಗಿಂತ ಕಡಿಮೆ, ನಿಮ್ಮ ಗ್ರಾಫಿನಲ್ಲಿ ಕಾಣೋದೇ ಇಲ್ಲ.” ಕಾರು ನಿಂತಿತು. ಇದು ಬೆಳೆಯುತ್ತೆ ಅಪ್ಪಾ ಎಂದಿದ್ದಳು ಮಗಳು. ಬಿಳಿ ಬಟ್ಟೆಯ ಮರೆಯ ಒಳಗೆ ಹಳೆಯ ಕಲ್ಲು ಮಗ್ಗುಲಾಗಿ ಬಿದ್ದಿತ್ತು, ಕಾಂಕ್ರೀಟು ಹೋಳುಹೋಳಾಗಿತ್ತು. ಯಂತ್ರದ ಕಬ್ಬಿಣದ ಬುಟ್ಟಿ ಮೇಲೆದ್ದು ಗುಂಡಿಗೆ ಬಾಗಿತು. ಅದರ ಅಂಚಿನ ಹಲ್ಲುಗಳು ಅವನ ಗೋಡೆಯ ಮೇಲಿನ ಗ್ರಾಫಿನ ಹಾಗೆಯೇ ಸಾಲಾಗಿದ್ದವು; ಈಗ ಅವುಗಳ ಸಂದಿನಿಂದ ಒಣ ಮರಳು ಶ್ ಎಂದು ಸುರಿಯತೊಡಗಿತ್ತು. “ಇಳೀರಿ ಸಾಹೇಬರೇ,” ಎಂದರು ಕಾರ್ಯದರ್ಶಿ. “ಯಾಕೆ, ಯಂತ್ರ ನಿಲ್ಲಿಸಿ ಎಲ್ಲರೂ ಗುಂಡಿ ಹತ್ರ ಓಡ್ತಿದಾರೆ?”